ನಕಲು ಇದ್ದರೆ ಸಾಲದು, ಮರಳಿ ಓದಲು ಬರಬೇಕು

ದಕ್ಷಿಣ ಕೊರಿಯಾದ ಡೇಜಿಯಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಬೆಂಕಿ ಕಾಣಿಸಿಕೊಂಡಿತು. ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸ ನಡೆದಿದ್ದಾಗ ಹೊತ್ತಿಕೊಂಡ ಆ ಬೆಂಕಿಯಿಂದ ನೂರಾರು ಸರ್ಕಾರಿ ಸೇವೆಗಳು ಸ್ಥಗಿತಗೊಂಡವು. ಅವುಗಳಲ್ಲಿ ಬಹುಪಾಲು ಕ್ರಮೇಣ ಚೇತರಿಸಿಕೊಂಡವು. ಚೇತರಿಸಿಕೊಳ್ಳದೆ ಹೋದದ್ದು, ನೌಕರರು ತಮ್ಮ ದೈನಂದಿನ ಕಡತಗಳನ್ನು ಇರಿಸುತ್ತಿದ್ದ 'ಜಿ-ಡ್ರೈವ್' ಎಂಬ ಭಂಡಾರ. ಅದರಲ್ಲಿದ್ದ 858 ಟೆರಾಬೈಟ್‌ನಷ್ಟು ಕಡತಗಳು ಬೂದಿಯಾದವು. ಆ ಕಟ್ಟಡದ ಹೊರಗೆ ಅವುಗಳ ಇನ್ನೊಂದು ಪ್ರತಿ ಇರಲಿಲ್ಲ. ಭಂಡಾರ ತೀರ ದೊಡ್ಡದಾಗಿದ್ದುದರಿಂದ ಬೇರೆಡೆ ಪ್ರತಿ ಇರಿಸಲಾಗಿರಲಿಲ್ಲ ಎಂಬ ವಿವರಣೆ ಬಂದಿತು.

ವೃತ್ತಿಜೀವನದ ಬಹುಭಾಗವನ್ನು ಕಡತಗಳ ನಡುವೆಯೇ ಕಳೆದ ನನಗೆ ಈ ಸುದ್ದಿ ಓದಿದಾಗ ಆಶ್ಚರ್ಯಕ್ಕಿಂತ ಪರಿಚಿತ ಭಾವನೆಯೇ ಹೆಚ್ಚಾಗಿ ಮೂಡಿತು. ತಂತ್ರಜ್ಞಾನದಲ್ಲಿ ಜಗತ್ತಿಗೆ ಮೇಲ್ಪಂಕ್ತಿ ಎನಿಸಿದ ಒಂದು ಸರ್ಕಾರ ಮಾಡಿದ್ದನ್ನೇ ರಾಜಾಜಿನಗರದಿಂದ ಕೆಂಗೇರಿಯವರೆಗಿನ ನಮ್ಮ ಸಾವಿರಾರು ಮನೆಗಳು ಪ್ರತಿದಿನವೂ ಮಾಡುತ್ತಿವೆ. ವ್ಯತ್ಯಾಸವಿರುವುದು ಟೆರಾಬೈಟ್‌ಗಳ ಸಂಖ್ಯೆಯಲ್ಲಿ ಮಾತ್ರ. ಆದ್ದರಿಂದ ಮನೆಯ ಕಂಪ್ಯೂಟರಿನ ಬ್ಯಾಕಪ್ ಎಂಬ ಸಾಮಾನ್ಯ ವಿಷಯವನ್ನು ಸಾರ್ವಜನಿಕ ಚರ್ಚೆಗೆ ತರುವುದು ಅನಗತ್ಯವೆಂದು ಓದುಗರು ಭಾವಿಸಬಾರದು. ಇದು ಕೇವಲ ತಂತ್ರಜ್ಞರ ವಿಷಯವಲ್ಲ. ಒಂದು ತಲೆಮಾರಿನ ನೆನಪು ಮತ್ತು ಬರಹಗಳ ಅಳಿವು ಉಳಿವಿನ ವಿಷಯ.

ನಗರದ ಪಶ್ಚಿಮ ಭಾಗದ ಈ ಬಡಾವಣೆಗಳಿಗೆ ಒಂದು ವಿಶಿಷ್ಟ ಸ್ವರೂಪವಿದೆ. ಕಾರ್ಖಾನೆಗಳ ನೌಕರರಿಗೆ ನೆಲೆಯಾದ ರಾಜಾಜಿನಗರ, ಸರ್ಕಾರಿ ನೌಕರರು, ಬ್ಯಾಂಕ್ ಉದ್ಯೋಗಿಗಳು, ಅಧ್ಯಾಪಕರು ನಿವೇಶನ ಪಡೆದು ಮನೆ ಕಟ್ಟಿಕೊಂಡ ವಿಜಯನಗರ ಮತ್ತು ಬಸವೇಶ್ವರನಗರ, ಹಳ್ಳಿಯ ಚಹರೆ ಇನ್ನೂ ಪೂರ್ತಿ ಮಾಸಿರದ ಕೆಂಗೇರಿ - ಇಲ್ಲೆಲ್ಲ ಕಂಪ್ಯೂಟರ್ ಮನೆಯೊಳಗೆ ಕಾಲಿಟ್ಟಿದ್ದು ಹೆಚ್ಚಾಗಿ ಮಕ್ಕಳ ಎಂಜಿನಿಯರಿಂಗ್ ವ್ಯಾಸಂಗದ ನೆಪದಲ್ಲಿ. ಮಕ್ಕಳು ಓದು ಮುಗಿಸಿ ಪರದೇಶಗಳಿಗೆ ತೆರಳಿದರು. ಯಂತ್ರ ತಂದೆ ತಾಯಿಯರ ಪಾಲಿಗೆ ಉಳಿಯಿತು. ಇಂದು ಅದರೊಳಗೆ ಇರುವುದೇನು? ಮದುವೆ, ಗೃಹಪ್ರವೇಶ, ನಾಮಕರಣಗಳ ಛಾಯಾಚಿತ್ರಗಳು, ನಿವಾಸಿಗಳ ಸಂಘದ ಲೆಕ್ಕಪತ್ರ, ತೀರಿಕೊಂಡ ತಾಯಿಯ ಕಂಠದಲ್ಲಿ ಧ್ವನಿಮುದ್ರಿಸಿದ ನಾಲ್ಕು ಸೋಬಾನೆ ಪದ, ನಿವೃತ್ತಿಯ ನಂತರ ಬರೆಯತೊಡಗಿದ ಆತ್ಮಕಥನದ ಹಸ್ತಪ್ರತಿ, ವಂಶವೃಕ್ಷ. ಇವುಗಳಲ್ಲಿ ಯಾವುದೂ ಮಾರುಕಟ್ಟೆಯಲ್ಲಿ ಸಿಗುವ ಸರಕಲ್ಲ.

ಈ ಹಳೆಯ ಯಂತ್ರಗಳು ಈಗ ಸಾಲುಸಾಲಾಗಿ ಬದಲಾಗುತ್ತಿವೆ ಎಂಬುದು ವಿಷಯಕ್ಕೆ ತುರ್ತನ್ನು ತಂದಿದೆ. ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ಕ್ಕೆ ಅರ್ಹವಲ್ಲ. ಹೀಗಾಗಿ ಮನೆಮನೆಯಲ್ಲೂ ಹೊಸ ಲ್ಯಾಪ್‌ಟಾಪ್ ಬರುತ್ತಿದೆ, ಹಳೆಯದು ಅಟ್ಟಕ್ಕೋ ಗುಜರಿಗೋ ಹೋಗುತ್ತಿದೆ. ಬಾಡಿಗೆ ಮನೆ ಬದಲಾಯಿಸುವಾಗ ಪಾತ್ರೆ ಕಳೆಯುವಂತೆ, ಯಂತ್ರ ಬದಲಾಯಿಸುವಾಗ ಕಡತ ಕಳೆಯುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಈ ಸಮಸ್ಯೆಯನ್ನು ಮೊದಲು ಸಂಭವನೀಯತೆಯ ದೃಷ್ಟಿಯಿಂದ ನೋಡಬಯಸುತ್ತೇನೆ. ಲಕ್ಷಾಂತರ ಹಾರ್ಡ್‌ಡಿಸ್ಕ್‌ಗಳನ್ನು ಬಳಸುವ ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಸಂಸ್ಥೆ ತನ್ನ ಡಿಸ್ಕ್‌ಗಳು ಕೆಡುವ ಪ್ರಮಾಣವನ್ನು ನಿಯತವಾಗಿ ಪ್ರಕಟಿಸುತ್ತದೆ. ಈಚಿನ ವರ್ಷಗಳಲ್ಲಿ ಅದು ವರ್ಷಕ್ಕೆ ಶೇ 1ರಿಂದ 2ರ ನಡುವೆ ಇದೆ. ಶೇ 1.5 ಎಂದಿಟ್ಟುಕೊಂಡರೂ ಐದು ವರ್ಷಗಳಲ್ಲಿ ಒಂದು ಡಿಸ್ಕ್ ಕೈಕೊಡುವ ಸಾಧ್ಯತೆ ಸುಮಾರು ಶೇ 7. ಇದು ತಂಪಾದ, ವಿದ್ಯುತ್ ಏರಿಳಿತವಿಲ್ಲದ ಕೊಠಡಿಗಳ ಲೆಕ್ಕ. ಮಳೆಗಾಲದ ಸಿಡಿಲು, ಪದೇ ಪದೇ ಹೋಗಿ ಬರುವ ಕರೆಂಟು, ಬ್ಯಾಟರಿ ಸತ್ತ ಯುಪಿಎಸ್‌ಗಳಿರುವ ನಮ್ಮ ಮನೆಗಳಿಗೆ ಈ ಲೆಕ್ಕವನ್ನು ಉದಾರವೆಂದೇ ಪರಿಗಣಿಸಬೇಕು.

ಎರಡನೆಯ ಡಿಸ್ಕಿನಲ್ಲಿ ಒಂದು ಪ್ರತಿ ಇದ್ದರೆ? ಒಂದೇ ವರ್ಷದಲ್ಲಿ ಎರಡೂ ಕೆಡುವ ಸಾಧ್ಯತೆ ಶೇ 1.5ರಲ್ಲಿ ಶೇ 1.5, ಅಂದರೆ ಹತ್ತು ಸಾವಿರಕ್ಕೆ ಎರಡೋ ಮೂರೋ. ಕೆಲವು ಸಾವಿರ ರೂಪಾಯಿ ಬೆಲೆಯ ಒಂದು ಡಿಸ್ಕ್ ನಷ್ಟದ ಸಂಭವವನ್ನು ಇಷ್ಟು ತಗ್ಗಿಸುತ್ತದೆಂದರೆ, ಇದಕ್ಕಿಂತ ಅಗ್ಗದ ವಿಮೆ ಬೇರೊಂದಿಲ್ಲ. ಆದರೆ ಈ ಗುಣಾಕಾರದ ಹಿಂದೆ ಒಂದು ಷರತ್ತಿದೆ: ಎರಡು ಘಟನೆಗಳೂ ಪರಸ್ಪರ ಸ್ವತಂತ್ರವಾಗಿರಬೇಕು. ಕಂಪ್ಯೂಟರ್ ಮೇಜಿನ ಮೇಲೆ, ಡಿಸ್ಕ್ ಅದೇ ಮೇಜಿನ ಕೆಳಗಿನ ಖಾನೆಯಲ್ಲಿ ಎಂದಾದರೆ ಕಳ್ಳನಿಗೆ ಎರಡೂ ಒಟ್ಟಿಗೆ ಸಿಗುತ್ತವೆ. ನೆಲಮಹಡಿಗೆ ನುಗ್ಗಿದ ಮಳೆನೀರು ಎರಡನ್ನೂ ಒಟ್ಟಿಗೆ ನೆನೆಸುತ್ತದೆ. ವೃಷಭಾವತಿಯ ಕಣಿವೆಗೆ ಇಳಿಯುವ ರಾಜಕಾಲುವೆಗಳ ಪಕ್ಕದಲ್ಲಿ ವಾಸಿಸುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊರಿಯಾದ ಭಂಡಾರಕ್ಕೂ ಇದೇ ಗತಿ ಒದಗಿತು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ಪ್ರಸಿದ್ಧ ಸೂತ್ರದ ಹಿಂದಿನ ತರ್ಕವೂ ಇದೇ. ಅಣ್ಣನ ಮನೆ ಮಲ್ಲೇಶ್ವರದಲ್ಲಿದ್ದರೆ ಅವರ ಬೀರುವಿನಲ್ಲಿ ನಿಮ್ಮ ಡಿಸ್ಕ್, ನಿಮ್ಮ ಬೀರುವಿನಲ್ಲಿ ಅವರ ಡಿಸ್ಕ್ ಇರಲಿ. ಇದಕ್ಕೆ ಖರ್ಚೇ ಇಲ್ಲ.

'ಎಲ್ಲವೂ ಕ್ಲೌಡ್‌ನಲ್ಲಿದೆ, ಇನ್ನೇಕೆ ಚಿಂತೆ?' ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಇದರಲ್ಲಿ ಅರ್ಧ ಸತ್ಯವಿದೆ. ಕ್ಲೌಡ್ ಸೇವೆಗಳು ಬಹುತೇಕ ಮಾಡುವುದು ಹೊಂದಾಣಿಕೆಯ ಕೆಲಸ: ಇಲ್ಲಿ ಇದ್ದದ್ದು ಅಲ್ಲಿಯೂ ಇರುವಂತೆ ನೋಡಿಕೊಳ್ಳುವುದು. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಅಳಿಸಿದ ಕಡತವನ್ನು ಅವು ಕೆಲವು ವಾರ ಬುಟ್ಟಿಯಲ್ಲಿ ಉಳಿಸಿಕೊಳ್ಳುವುದು ನಿಜ. ಆದರೆ ಎರಡು ವರ್ಷದ ಹಿಂದೆ ಕೈತಪ್ಪಿ ಅಳಿಸಿದ ಆಲ್ಬಂ ಇಂದು ನೆನಪಾದರೆ ಆ ಬುಟ್ಟಿ ಬರಿದಾಗಿರುತ್ತದೆ. ಉಚಿತವೆಂಬುದು ಶಾಶ್ವತವೂ ಅಲ್ಲ. ಛಾಯಾಚಿತ್ರಗಳಿಗೆ ಮಿತಿಯಿಲ್ಲದ ಉಚಿತ ಜಾಗ ನೀಡಿದ್ದ ಗೂಗಲ್, 2021ರ ಜೂನ್ 1ರಿಂದ ಆ ಸೌಲಭ್ಯವನ್ನು ನಿಲ್ಲಿಸಿ, ಹೊಸ ಚಿತ್ರಗಳನ್ನು 15 ಗಿಗಾಬೈಟ್‌ನ ಮಿತಿಯೊಳಗೆ ತಂದಿತು. ಇನ್ನು, ಯಂತ್ರಕ್ಕೆ ಸದಾ ಸಿಕ್ಕಿಸಿಯೇ ಇಟ್ಟ ಡಿಸ್ಕ್ ಕೂಡ ಸುರಕ್ಷಿತವಲ್ಲ. 2017ರ ಮೇ ತಿಂಗಳಲ್ಲಿ ನೂರೈವತ್ತರಷ್ಟು ದೇಶಗಳಿಗೆ ಹರಡಿದ 'ವನ್ನಾಕ್ರೈ'ಯಂಥ ಸುಲಿಗೆ ತಂತ್ರಾಂಶಗಳು ಕಡತಗಳಿಗೆ ಬೀಗ ಜಡಿದು ಹಣ ಕೇಳುತ್ತವೆ. ಆ ಹೊತ್ತಿನಲ್ಲಿ ಯಂತ್ರಕ್ಕೆ ಜೋಡಿಸಿದ್ದ ಡಿಸ್ಕಿಗೂ ಅದೇ ಬೀಗ ಬೀಳುತ್ತದೆ. ಪ್ರತಿ ತೆಗೆದ ಮೇಲೆ ತಂತಿ ಬಿಚ್ಚಿಡುವುದು ಪ್ರತಿ ತೆಗೆಯುವಷ್ಟೇ ಮುಖ್ಯ.

ಇಷ್ಟೆಲ್ಲ ಮಾಡಿದವರೂ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ನನ್ನ ಮುಖ್ಯ ವಾದ ಆರಂಭವಾಗುವುದು ಇಲ್ಲಿಂದ. ಬ್ಯಾಕಪ್ ಎಂಬುದು ಸಾಧನವಷ್ಟೇ. ಗುರಿ ಇರುವುದು ಮರಳಿ ಪಡೆಯುವುದರಲ್ಲಿ. ಮರಳಿ ಪಡೆದು ನೋಡದ ಪ್ರತಿಯ ಬಗ್ಗೆ ನಮಗಿರುವುದು ನಂಬಿಕೆ ಮಾತ್ರ, ಜ್ಞಾನವಲ್ಲ. ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಎಂಜಿನಿಯರೊಬ್ಬರು ತಪ್ಪು ಯಂತ್ರದಲ್ಲಿ ಆದೇಶ ಕೊಟ್ಟು ಮುಖ್ಯ ದತ್ತಾಂಶವನ್ನು ಅಳಿಸಿದರು. ಸಂಸ್ಥೆಯಲ್ಲಿ ಪ್ರತಿ ಇರಿಸಲು ಐದು ಬೇರೆ ಬೇರೆ ವ್ಯವಸ್ಥೆಗಳಿದ್ದವು. ತುರ್ತಿನ ಹೊತ್ತಿನಲ್ಲಿ ನೋಡಿದರೆ ಒಂದೂ ನೆಚ್ಚುವಂತಿರಲಿಲ್ಲ. ಆರು ಗಂಟೆಗಳ ಹಿಂದೆ ಬೇರೊಂದು ಕೆಲಸಕ್ಕೆಂದು ಆಕಸ್ಮಿಕವಾಗಿ ತೆಗೆದಿದ್ದ ನಕಲಿನಿಂದ ಅವರು ಚೇತರಿಸಿಕೊಂಡರು. ಆ ಆರು ಗಂಟೆಗಳ ಕೆಲಸ ಹೋಯಿತು. ಪಿಕ್ಸಾರ್ ಸಂಸ್ಥೆಯಲ್ಲಿ 1998ರಲ್ಲಿ 'ಟಾಯ್ ಸ್ಟೋರಿ 2' ಚಿತ್ರದ ಕಡತಗಳು ಅಳಿಸಿಹೋದಾಗಲೂ ಕಚೇರಿಯ ಬ್ಯಾಕಪ್ ಕೆಲಸ ಮಾಡುತ್ತಿರಲಿಲ್ಲವೆಂಬುದು ಆಗ ತಿಳಿಯಿತು. ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬ ಅಧಿಕಾರಿಯ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಚಿತ್ರವನ್ನು ಉಳಿಸಿತು. ಬೃಹತ್ ಸಂಸ್ಥೆಯನ್ನು ಒಂದು ಮನೆಯ ಕಂಪ್ಯೂಟರ್ ಕಾಪಾಡಿದ ಅಪರೂಪದ ಪ್ರಸಂಗವಿದು. ನಮ್ಮ ಮನೆಯ ಕಂಪ್ಯೂಟರನ್ನು ಕಾಪಾಡಲು ಮಾತ್ರ ಯಾವ ಸಂಸ್ಥೆಯೂ ಬರುವುದಿಲ್ಲ.

ಹೊಸ ಯಂತ್ರಗಳಲ್ಲಿ ಮರಳಿ ಪಡೆಯುವುದಕ್ಕೆ ಇನ್ನೊಂದು ತೊಡಕೂ ಸೇರಿಕೊಂಡಿದೆ. ವಿಂಡೋಸ್ 11 ಇರುವ ಅನೇಕ ಲ್ಯಾಪ್‌ಟಾಪ್‌ಗಳು ಡಿಸ್ಕನ್ನು ತಾವಾಗಿಯೇ ಗೂಢಲಿಪಿಗೆ ಬದಲಾಯಿಸಿ ಇರಿಸುತ್ತವೆ. ಕಳವಾದರೆ ಪರರು ಓದಬಾರದು ಎಂಬ ಸದುದ್ದೇಶ ಅದರದು. ಆದರೆ ಮದರ್‌ಬೋರ್ಡ್ ಬದಲಿಸಿದ ಮರುದಿನ ಅದೇ ಯಂತ್ರ ಯಜಮಾನನನ್ನೂ ಪರಕೀಯನೆಂದು ಭಾವಿಸಿ 48 ಅಂಕಿಗಳ ಒಂದು ಕೀಲಿಸಂಖ್ಯೆಯನ್ನು ಕೇಳಬಹುದು. ಆ ಸಂಖ್ಯೆ ಸಾಮಾನ್ಯವಾಗಿ ಯಂತ್ರವನ್ನು ಮೊದಲು ಸಜ್ಜುಗೊಳಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಸಜ್ಜುಗೊಳಿಸಿದವನು ಅಂಗಡಿಯ ಹುಡುಗನೋ, ರಜೆಗೆ ಬಂದಿದ್ದ ಅಳಿಯನೋ ಆಗಿದ್ದರೆ? ಆ 48 ಅಂಕಿಗಳನ್ನು ಇಂದೇ ಹುಡುಕಿ ಕಾಗದದ ಮೇಲೆ ಬರೆದು, ಮನೆಯ ಕ್ರಯಪತ್ರದ ಜೊತೆಗಿಡುವುದು ಲೇಸು.

ಕನ್ನಡಿಗರಿಗೆ ಇವೆಲ್ಲಕ್ಕೂ ಮಿಗಿಲಾದ ಒಂದು ತೊಂದರೆಯಿದೆ. ಇಂಗ್ಲಿಷಿನಲ್ಲಿ ಟೈಪ್ ಮಾಡಿದವರಿಗೆ ಅದರ ಕಲ್ಪನೆ ಬರುವುದು ಕಷ್ಟ. 1998ರಲ್ಲಿ ಬಂದ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' - ಈ ಎರಡು ತಂತ್ರಾಂಶಗಳು ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ದೊಡ್ಡದು. ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಬೆಳೆದದ್ದು ಇವುಗಳ ಬಲದಿಂದ. ಆದರೆ ಆ ಕಾಲದ ವಿಧಾನದಲ್ಲಿ ಕನ್ನಡದ ಅಕ್ಷರಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕುಳಿತಿದ್ದವು. ತೆರೆಯ ಮೇಲೆ ಕನ್ನಡ ಕಾಣುತ್ತಿತ್ತು, ಒಳಗೆ ಇದ್ದದ್ದು ಬೇರೆ. ಸೂಕ್ತ ಫಾಂಟ್ ಇಲ್ಲದ ಯಂತ್ರದಲ್ಲಿ ಅಂಥ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. 'ನ' ಇರಬೇಕಾದ ಕಡೆ ಬ್ರಿಟನ್ನಿನ ಪೌಂಡ್ ಚಿಹ್ನೆ ಬಂದು ಕುಳಿತಿರುತ್ತದೆ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಲ್ಲಿಯೇ ಸ್ವಂತ ಸ್ಥಾನ ದೊರೆತಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಅದಕ್ಕೆ 'ತುಂಗಾ' ಎಂಬ ಫಾಂಟ್ ಕೂಡ ಇತ್ತು. ಆದರೂ ಅನೇಕ ವರ್ಷಗಳವರೆಗೆ ನಮ್ಮ ಬರಹಗಾರರು, ಮುದ್ರಣಾಲಯಗಳು, ಕಚೇರಿಗಳು ಹಳೆಯ ವಿಧಾನದಲ್ಲಿಯೇ ಮುಂದುವರಿದವು. ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ. ಆದರೆ ನಡುವಣ ಕಾಲದಲ್ಲಿ ಬರೆದದ್ದೆಲ್ಲ ಹಳೆಯ ಸಂಕೇತದಲ್ಲಿಯೇ ಉಳಿದಿದೆ.

ಬಸವೇಶ್ವರನಗರದಲ್ಲಿ ನನಗೆ ಪರಿಚಿತರಾಗಿದ್ದ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಹುಟ್ಟೂರಿನ ಬೇಸಾಯದ ಪದಗಳನ್ನು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಸಂಗ್ರಹಿಸಿದರು. ನೇಗಿಲಿನ ಭಾಗಗಳ ಹೆಸರು, ಮಣ್ಣಿನ ಬಗೆ, ಕಣದ ಅಳತೆ, ಮಳೆಯ ಲೆಕ್ಕ - ಎಲ್ಲವನ್ನೂ ಸಂಜೆಯ ಹೊತ್ತು ಕುಳಿತು ಹಳೆಯ ನುಡಿಯಲ್ಲಿ ಟೈಪ್ ಮಾಡುತ್ತಿದ್ದರು. ಶಿಸ್ತಿನ ಮನುಷ್ಯ, ಎರಡು ಡಿಸ್ಕುಗಳಲ್ಲಿ ಪ್ರತಿ ಇಟ್ಟಿದ್ದರು, ಡಿಸ್ಕಿನ ಮೇಲೆ ದಿನಾಂಕವನ್ನೂ ಅಂಟಿಸಿದ್ದರು. ಅವರು ತೀರಿಕೊಂಡ ಮೇಲೆ ವಿದೇಶದಿಂದ ಬಂದ ಮಗ ಡಿಸ್ಕನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದಾಗ ಕಂಡದ್ದು ಪುಟಪುಟಗಳಷ್ಟು ರೋಮನ್ ಕಸ. ಡಿಸ್ಕ್ ಹಾಳಾಗಿದೆಯೆಂದು ಆತ ಭಾವಿಸಿದ. ಎಸೆಯುವ ಮುನ್ನ ಒಮ್ಮೆ ತೋರಿಸೋಣವೆಂದು ತಾಯಿ ನನ್ನಲ್ಲಿಗೆ ಕಳುಹಿಸಿದರು. 'ಅಂಕಲ್, ಇದರಲ್ಲಿ ಏನೂ ಉಳಿದಿಲ್ಲ ಅನ್ನಿಸುತ್ತೆ' ಎಂದೇ ಆ ಹುಡುಗ ಮಾತು ಆರಂಭಿಸಿದ.

ಉಳಿದಿತ್ತು. ಹಳೆಯ ಫಾಂಟ್ ಹಾಕಿದೊಡನೆ ಪುಟಗಳು ಕನ್ನಡವಾದವು. ಕನ್ನಡದ ಸ್ವಯಂಸೇವಕ ತಂತ್ರಜ್ಞರು ಉಚಿತವಾಗಿ ಒದಗಿಸಿರುವ ಪರಿವರ್ತಕವೊಂದರಿಂದ ಕಡತಗಳನ್ನು ಯೂನಿಕೋಡ್‌ಗೆ ತಂದೆವು. ಕೆಲವೆಡೆ ಒತ್ತಕ್ಷರಗಳು ಸ್ಥಾನ ತಪ್ಪಿದ್ದವು, ಅರ್ಕಾವತ್ತುಗಳು ಅಲೆದಾಡುತ್ತಿದ್ದವು. ಮೂರು ವಾರ ಆತ ಅಲ್ಲಿಂದ, ನಾನು ಇಲ್ಲಿಂದ ಕುಳಿತು ತಿದ್ದಿದೆವು. ಆ ಪದಗಳಲ್ಲಿ ಹಲವನ್ನು ಆತ ಮೊದಲ ಬಾರಿಗೆ ಓದುತ್ತಿದ್ದ. ಎರಡು ಪ್ರತಿಗಳನ್ನು ಇಟ್ಟ ಆ ಹಿರಿಯರ ಎಚ್ಚರಿಕೆ ವ್ಯರ್ಥವಾಗಲಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ಎರಡೂ ಪ್ರತಿಗಳಿಗಿದ್ದ ದೌರ್ಬಲ್ಯ ಒಂದೇ: ಇನ್ನೊಂದು ಯಂತ್ರದಲ್ಲಿ, ಇನ್ನೊಬ್ಬರ ಕಣ್ಣೆದುರು ಅವನ್ನು ಯಾರೂ ತೆರೆದು ನೋಡಿರಲಿಲ್ಲ.

ಪ್ರತಿ ಉಳಿಯುವುದು ಬೇರೆ, ಓದಿಗೆ ಒದಗುವುದು ಬೇರೆ ಎಂಬ ವಿವೇಕ ಕನ್ನಡ ನಾಡಿಗೆ ಹೊಸದಲ್ಲ. ಹತ್ತನೆಯ ಶತಮಾನದ ಪೊನ್ನ ಕವಿಯ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಓಲೆಯ ಮೇಲೆ ಬರೆಸಿ ಹಂಚಿಸಿದಳೆಂಬುದು ಪ್ರಸಿದ್ಧ. ಇದನ್ನು ನಾವು ದಾನವೆಂದು ಕೊಂಡಾಡುತ್ತೇವೆ. ಅದು ಸಂರಕ್ಷಣೆಯ ಅತ್ಯುತ್ತಮ ಯೋಜನೆಯೂ ಹೌದು. ಸಾವಿರ ಪ್ರತಿಗಳು ಸಾವಿರ ಸ್ಥಳಗಳಿಗೆ ಹೋದರೆ ಒಂದು ಬೆಂಕಿ, ಒಂದು ಗೆದ್ದಲು, ಒಂದು ಯುದ್ಧ ಎಲ್ಲವನ್ನೂ ಕಬಳಿಸಲಾರದು. ಅದೇ ಪೊನ್ನನ ಇನ್ನೊಂದು ಕೃತಿ 'ಭುವನೈಕರಾಮಾಭ್ಯುದಯ' ನಮಗೆ ದೊರೆತಿಲ್ಲ. ಕವಿ ಒಬ್ಬನೇ, ಕಾಲ ಒಂದೇ. ಪ್ರತಿಗಳಾಗಿ ಹರಡಿದ ಕಾವ್ಯ ಇಂದಿಗೂ ಪಠ್ಯವಾಗಿದೆ, ಇನ್ನೊಂದು ಸಾಹಿತ್ಯ ಚರಿತ್ರೆಯಲ್ಲಿ ಬರಿಯ ಹೆಸರಾಗಿದೆ.

ನಮ್ಮ ಬಡಾವಣೆಗೆ ಹೆಸರು ಕೊಟ್ಟ ಬಸವಣ್ಣನವರ ವಚನಗಳ ಕಥೆ ಇನ್ನೊಂದು ಪಾಠವನ್ನು ಹೇಳುತ್ತದೆ. ವಚನದ ಓಲೆಕಟ್ಟುಗಳು ಶತಮಾನಗಳ ಕಾಲ ಮಠಗಳಲ್ಲಿ, ಸಾಮಾನ್ಯ ಮನೆಗಳಲ್ಲಿ ಉಳಿದಿದ್ದವು. ಅನೇಕ ಮನೆಗಳಲ್ಲಿ ಅವು ಪೂಜೆಯ ವಸ್ತುವಾಗಿದ್ದವೇ ಹೊರತು ಓದಿನ ವಸ್ತುವಾಗಿರಲಿಲ್ಲ. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಸಂಗ್ರಹಿಸಿ, ಬಿಚ್ಚಿ ಓದಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದ ಮೇಲಷ್ಟೇ ಅವು ನಾಡಿನ ಸಂಪತ್ತಾದವು. ಬೀರುವಿನಲ್ಲಿ ಬಟ್ಟೆ ಸುತ್ತಿಟ್ಟ ನಮ್ಮ ಡಿಸ್ಕುಗಳೂ ಒಂದು ರೀತಿಯಲ್ಲಿ ಪೂಜೆಯ ವಸ್ತುಗಳೇ. ನನ್ನ ಅಧ್ಯಯನದ ವಿಷಯಕ್ಕೆ ಹತ್ತಿರವಾದ ನಿದರ್ಶನವೂ ಒಂದಿದೆ. ಕೌಟಿಲ್ಯನ 'ಅರ್ಥಶಾಸ್ತ್ರ' ಕಳೆದೇಹೋಗಿದೆ ಎಂದು ವಿದ್ವಾಂಸರು ನಂಬಿದ್ದ ಕಾಲದಲ್ಲಿ, 1905ರಲ್ಲಿ, ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿದ್ದ ತಾಳೆಗರಿ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಪ್ರಕಟಿಸಿದರು. ಆ ಪ್ರತಿ ಗ್ರಂಥಲಿಪಿಯಲ್ಲಿತ್ತು. ಓಲೆ ಉಳಿದಿದ್ದರಷ್ಟೇ ಸಾಲದು, ಆ ಲಿಪಿಯನ್ನು ಬಲ್ಲವರೊಬ್ಬರು ಅದನ್ನು ಕೈಗೆತ್ತಿಕೊಳ್ಳಬೇಕಾಗಿತ್ತು. ಹಳೆಯ ನುಡಿ ಫಾಂಟಿನ ಕಡತಗಳು ಇಂದು ನಮ್ಮ ಗ್ರಂಥಲಿಪಿಯಾಗಿವೆ. ಅದನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ ಎಂಬುದಷ್ಟೇ ನಮ್ಮ ಭಾಗ್ಯ.

ಹಾಗೆಂದು ಎಲ್ಲವನ್ನೂ ಉಳಿಸಬೇಕೆಂದು ನಾನು ಹೇಳುತ್ತಿಲ್ಲ. ಸರ್ಕಾರದ ದಾಖಲೆ ಕೊಠಡಿಗಳಲ್ಲಿ ಕಡತಗಳನ್ನು ಶಾಶ್ವತವಾಗಿ ಇರಿಸತಕ್ಕವು, ಇಂತಿಷ್ಟು ವರ್ಷಗಳ ನಂತರ ನಾಶಪಡಿಸತಕ್ಕವು ಎಂದು ವಿಂಗಡಿಸುವ ಪದ್ಧತಿಯಿದೆ. ವಿಂಗಡಣೆಯಿಲ್ಲದ ಸಂಗ್ರಹದಲ್ಲಿ ಬೇಕಾದದ್ದು ಬೇಡದ್ದರ ಅಡಿಯಲ್ಲಿ ಹೂತುಹೋಗುತ್ತದೆ. ಮನೆಯ ಕಂಪ್ಯೂಟರಿಗೂ ಈ ನಿಯಮ ಸಲ್ಲುತ್ತದೆ. ವಿಂಡೋಸನ್ನೂ ತಂತ್ರಾಂಶಗಳನ್ನೂ ಮತ್ತೆ ಹಾಕಿಕೊಳ್ಳಬಹುದು. ಸಿನಿಮಾ ಹಾಡುಗಳು ಎಲ್ಲಿಯಾದರೂ ಸಿಗುತ್ತವೆ. ಸರ್ಕಾರದ ಬಳಿ ಮೂಲವಿರುವ ದಾಖಲೆಗಳೂ ಬಹುಮಟ್ಟಿಗೆ ಹಾಗೆಯೇ: ಇ-ಖಾತಾ, ಕಾವೇರಿ ತಂತ್ರಾಂಶದ ಋಣಭಾರ ಪ್ರಮಾಣಪತ್ರ, ಡಿಜಿಲಾಕರ್‌ನ ಚಾಲನಾ ಪರವಾನಗಿ ಇವೆಲ್ಲವನ್ನೂ ಮತ್ತೆ ಇಳಿಸಿಕೊಳ್ಳಬಹುದು. ಕೇಳಬೇಕಾದ ಪ್ರಶ್ನೆ ಒಂದೇ: ಇದು ಜಗತ್ತಿನಲ್ಲಿ ನನ್ನ ಬಳಿ ಮಾತ್ರ ಇದೆಯೇ? ಹೌದೆಂಬ ಉತ್ತರ ಬರುವ ಕಡತಗಳು ಹೆಚ್ಚಿನ ಮನೆಗಳಲ್ಲಿ ಒಂದು ಸಾಧಾರಣ ಡಿಸ್ಕಿನಲ್ಲಿ ಹಿಡಿಸುತ್ತವೆ. 'ತೀರ ದೊಡ್ಡದು' ಎಂಬ ಕೊರಿಯಾದ ನೆಪ ನಮಗೆ ಅನ್ವಯಿಸುವುದಿಲ್ಲ.

ಮಾಧ್ಯಮದ ಆಯುಷ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2000ದ ದಶಕದ ಮದುವೆಗಳ ಸಿ.ಡಿ.ಗಳು ಇಂದಿಗೂ ಅನೇಕ ಮನೆಗಳ ಷೋಕೇಸಿನಲ್ಲಿವೆ. ಮನೆಯಲ್ಲಿ ಬರೆದ ಸಿ.ಡಿ.ಯ ಬಣ್ಣದ ಪದರ ವರ್ಷಗಳು ಉರುಳಿದಂತೆ ಮಾಸುತ್ತದೆ. ಮಾಸದೆ ಉಳಿದಿದ್ದರೂ ಅದನ್ನು ತೂರಿಸಲು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಜಾಗವೇ ಇಲ್ಲ. ಪೆನ್‌ಡ್ರೈವ್ ಅಂಗೈಯಿಂದ ಅಂಗೈಗೆ ಕಡತ ಸಾಗಿಸುವ ವಾಹನ. ವರ್ಷಗಟ್ಟಲೆ ಮುಟ್ಟದೆ ಇಡುವ ತಿಜೋರಿಯಲ್ಲ. ಪ್ರತಿ ಐದಾರು ವರ್ಷಕ್ಕೊಮ್ಮೆ ಎಲ್ಲವನ್ನೂ ಹೊಸ ಡಿಸ್ಕಿಗೆ ವರ್ಗಾಯಿಸುವುದು ಅನಿವಾರ್ಯ. ಓಲೆಗರಿ ಜೀರ್ಣವಾಗುವ ಮೊದಲೇ ಹೊಸ ಗರಿಯ ಮೇಲೆ ಪ್ರತಿ ಮಾಡುತ್ತಿದ್ದ ಲಿಪಿಕಾರರ ರೂಢಿಯೂ ಇದೇ ಆಗಿತ್ತು.

ಇನ್ನು, ಮರಳಿ ಪಡೆಯುವವರು ಯಾರು? ಅರವತ್ತು ದಾಟಿದ ನಮ್ಮಂಥವರು ಈ ಪ್ರಶ್ನೆಯನ್ನು ಸಂಕೋಚವಿಲ್ಲದೆ ಎದುರಿಸಬೇಕು. ಪ್ರತಿ ಇಟ್ಟವರೇ ಅದನ್ನು ತೆರೆಯುವ ದಿನ ಬರುತ್ತದೆಂಬ ಖಾತರಿಯಿಲ್ಲ. ಬ್ಯಾಂಕಿನ ಠೇವಣಿಗೆ ನಾಮನಿರ್ದೇಶನ ಮಾಡುವ ನಾವು ಕಡತಗಳಿಗೆ ಮಾಡುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ವ್ಯಕ್ತಿಯ ಮರಣಾನಂತರ ಅವರ ಹಕ್ಕುಗಳನ್ನು ಚಲಾಯಿಸಲು ನಾಮನಿರ್ದೇಶಿತರನ್ನು ಹೆಸರಿಸುವ ಅವಕಾಶವನ್ನು ಕಲ್ಪಿಸಿದೆ. ಖಾತೆ ನಿಷ್ಕ್ರಿಯವಾದಾಗ ಯಾರಿಗೆ ಮಾಹಿತಿ ತಲಪಬೇಕೆಂದು ಮುಂಚಿತವಾಗಿ ಸೂಚಿಸುವ ಸೌಲಭ್ಯ ಗೂಗಲ್‌ನಲ್ಲಿ 2013ರಿಂದಲೂ ಇದೆ. ಇವನ್ನು ಬಳಸಿಕೊಳ್ಳೋಣ. ಅದಕ್ಕಿಂತ ಮೊದಲು, ಎಲ್ಲಿ ಏನಿದೆ, ಯಾವ ಕೀಲಿಸಂಖ್ಯೆ ಯಾವುದಕ್ಕೆ ಎಂಬುದನ್ನು ಕೈಬರಹದಲ್ಲಿ ಒಂದು ಹಾಳೆಗೆ ಇಳಿಸಿ, ಪತ್ನಿಗೋ ಪತಿಗೋ ಮಕ್ಕಳಿಗೋ ತೋರಿಸಿಡೋಣ.

ಕ್ರಮ ಸರಳವಾಗಿದೆ. ವರ್ಷಕ್ಕೆ ಎರಡು ಬಾರಿ, ಯುಗಾದಿ ಮತ್ತು ದೀಪಾವಳಿಯ ಆಸುಪಾಸಿನಲ್ಲಿ ಎಂದಿಟ್ಟುಕೊಳ್ಳೋಣ, ಬ್ಯಾಕಪ್ ಡಿಸ್ಕನ್ನು ನಿಮ್ಮದಲ್ಲದ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ. ಮನಸ್ಸಿಗೆ ಬಂದ ಹತ್ತು ಕಡತಗಳನ್ನು ತೆರೆಯಿರಿ: ಒಂದು ಹಳೆಯ ಚಿತ್ರ, ಒಂದು ಧ್ವನಿಮುದ್ರಿಕೆ, ಒಂದು ಲೆಕ್ಕದ ಹಾಳೆ, ಒಂದು ಕನ್ನಡ ಬರಹ. ತೆರೆಯುವ ಕೆಲಸವನ್ನು ನೀವು ಮಾಡಬೇಡಿ. ಮನೆಯ ಇನ್ನೊಬ್ಬರಿಂದ ಮಾಡಿಸಿ, ನೀವು ಪಕ್ಕದಲ್ಲಿ ಸುಮ್ಮನೆ ಕುಳಿತಿರಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ವ್ಯವಸ್ಥೆಯ ದೋಷವಿದೆ. ಕನ್ನಡದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಮೂಲವನ್ನೂ ಜೊತೆಗೆ ಉಳಿಸಿ. ಬಳಸಿದ ಫಾಂಟನ್ನು ಅದೇ ಡಿಸ್ಕಿನಲ್ಲಿ ಸೇರಿಸಿ. ತೀರ ಮುಖ್ಯವಾದ ನೂರಿನ್ನೂರು ಪುಟಗಳಿದ್ದರೆ ಮುದ್ರಿಸಿ ರಟ್ಟು ಕಟ್ಟಿಸಿ. ಕಾಗದಕ್ಕೆ ಕೀಲಿಸಂಖ್ಯೆ ಬೇಕಿಲ್ಲ.

ಸಾರ್ವಜನಿಕ ಸಂಸ್ಥೆಗಳ ಹೊಣೆಯೂ ಇದರಲ್ಲಿದೆ. ನಮ್ಮ ಕಂದಾಯ ಇಲಾಖೆ 'ಭೂಮಿ' ಯೋಜನೆಯ ಮೂಲಕ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸಿ ದೇಶಕ್ಕೆ ದಾರಿ ತೋರಿಸಿತ್ತು. 2024ರಲ್ಲಿ 'ಭೂ ಸುರಕ್ಷಾ' ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕಾರ್ಯವನ್ನೂ ಕೈಗೊಂಡಿತು. ಸರ್ಕಾರದ ದಾಖಲೆಗಳಿಗೆ ತೋರಿದ ಈ ಕಾಳಜಿಯ ಒಂದಂಶವಾದರೂ ನಾಗರಿಕರ ಬರಹಗಳಿಗೆ ದೊರೆಯಬೇಕು. ಆಸ್ತಿ ತೆರಿಗೆಯೊಂದಿಗೆ ನಾವು ಪ್ರತಿವರ್ಷ ಶೇ 6ರಷ್ಟು ಗ್ರಂಥಾಲಯ ಸೆಸ್ ಕಟ್ಟುತ್ತೇವೆ. ಹಂಪಿನಗರದ ದೊಡ್ಡ ಗ್ರಂಥಾಲಯದಿಂದ ಬಡಾವಣೆಯ ಪುಟ್ಟ ವಾಚನಾಲಯದವರೆಗೆ ತಿಂಗಳಿಗೊಂದು ಭಾನುವಾರ ಒಂದು ಮೇಜು, ಸಿ.ಡಿ. ಓದುವ ಒಂದು ಸಾಧನ, ಹಳೆಯ ಫಾಂಟುಗಳಿರುವ ಒಂದು ಕಂಪ್ಯೂಟರ್ ಇರಿಸಿದರೆ ಸಾಕು. ಸುತ್ತಲಿನ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ನೆರವಿಗೆ ಬಂದಾರು. ಹಿರಿಯರು ತಂದ ಕಡತ ಯೂನಿಕೋಡ್ ಆಗಿ ಹಿಂದಿರುಗಲಿ. ಒಪ್ಪಿಗೆಯಿದ್ದರೆ ಊರಿನ ಚರಿತ್ರೆಗೆ, ಭಾಷೆಗೆ ಸಂಬಂಧಿಸಿದ್ದರ ಒಂದು ಪ್ರತಿ ಗ್ರಂಥಾಲಯದಲ್ಲಿಯೂ ಉಳಿಯಲಿ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಹಳೆಯ ಸಂಕೇತಗಳ ಪರಿವರ್ತಕಗಳನ್ನು ಒತ್ತಕ್ಷರ ತಪ್ಪದಂತೆ ಪರಿಷ್ಕರಿಸುವ ಕೆಲಸಕ್ಕೆ ಬೆಂಬಲ ನೀಡಬಹುದು. ಇವುಗಳಿಗೆ ಬೇಕಾಗುವ ವೆಚ್ಚ ಅಲ್ಪ, ವಿಳಂಬದ ವೆಚ್ಚ ಅಪಾರ.

ಏಕೆಂದರೆ ಕಾಲಾವಕಾಶ ಕಿರಿದಾಗುತ್ತಿದೆ. 1998ರಿಂದ ಈಚೆಗೆ ಕನ್ನಡದಲ್ಲಿ ಟೈಪ್ ಮಾಡಲು ಕಲಿತ ಮೊದಲ ಪೀಳಿಗೆ ಈಗ ಎಪ್ಪತ್ತು ಎಂಬತ್ತರ ಆಸುಪಾಸಿನಲ್ಲಿದೆ. ಯಾವ ಕಡತ ಯಾವ ಫಾಂಟಿನದು, ಯಾವ ಚಿತ್ರದಲ್ಲಿರುವವರು ಯಾರು ಎಂಬುದನ್ನು ಅವರೇ ಹೇಳಬಲ್ಲರು. ಡಿಸ್ಕನ್ನು ದುರಸ್ತಿ ಮಾಡುವ ಅಂಗಡಿ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ಆ ತಿಳಿವಳಿಕೆಯನ್ನು ಮರಳಿ ತಂದುಕೊಡುವ ಅಂಗಡಿ ಎಲ್ಲಿಯೂ ಇಲ್ಲ. ಬೀರುವಿನಲ್ಲಿರುವ ಡಿಸ್ಕನ್ನು ಈ ಭಾನುವಾರವೇ ಹೊರತೆಗೆದು, ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆರೆದು ನೋಡುವುದು ಲೇಸು.